ದಾಕ್ಷಾಯಿಣಿ ಬಿಡದ ಕೈ

ಬಾಗಿಲು ಮುಂದಕ್ಕೆ ಮಾಡಿ ಹತ್ತಿರ ಬನ್ನಿ. ಇದು ನನ್ನ ಬಾಯಿಂದ ಬಂತು ಅಂತ ಯಾರ ಹತ್ತಿರವಾದರೂ ಅಂದಿರೋ, ನಿಮ್ಮ ಮನೆ ಹೊಸ್ತಿಲು ತುಳಿಯೋದಿಲ್ಲ ನಾನು.

ನಮ್ಮ ಪಕ್ಕದ ಮನೆ ಮಾದಪ್ಪ ಮೇಷ್ಟ್ರು ಹಳೇ ಗರಡಿಯಲ್ಲಿ ಜೂಡೋ ಕಲಿಸುತ್ತಿದ್ದರು. ಗರಡಿಯ ಕಿಟಕಿ ನಮ್ಮ ಹಿತ್ತಿಲಿಗೇ ತೆರೆಯೋದು.

ಅವರ ಶಿಷ್ಯೆ ದಾಕ್ಷಾಯಿಣಿ. ಪರದೇಶದಲ್ಲಿ ಬೆಳ್ಳಿ ಪದಕ ಗೆದ್ದು ಬಂದಳಲ್ಲ, ಅವಳೇ. ತೆರೆದ ಜೀಪು, ಹಾರ, ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಫೋಟೋ. ಸೀರೆ ಅಂಗಡಿಯವನೂ ಬೋರ್ಡಿಗೆ ಅವಳ ಮುಖ ಹಾಕಿಸಿಕೊಂಡ.

ಗರಡಿಗೆ ಕಾಲಿಟ್ಟವರಿಗೆ ಮೇಷ್ಟ್ರು ಮೊದಲು ಹೇಳಿಕೊಡೋದು ಒಂದೇ. ನೋವಾದರೆ ಪಟಪಟ ಅಂತ ಚಾಪೆ ತಟ್ಟು. ತಟ್ಟಿದ ಕ್ಷಣವೇ ಹಿಡಿದವರು ಬಿಡಬೇಕು.

ಸನ್ಮಾನದ ದಿನ ದಾಕ್ಷಾಯಿಣಿ ಪಟ್ಟು ತೋರಿಸೋಕೆ ನಿಂತಳು. ಎದುರಿಗೆ ಗರಡಿಯದೇ ಹುಡುಗಿ, ಇಸ್ತ್ರಿ ಅಂಗಡಿ ಚೌಡಯ್ಯನ ಮಗಳು ಪುಟ್ಟಲಕ್ಷ್ಮಿ.

ದಾಕ್ಷಾಯಿಣಿ ಅವಳ ತೋಳು ತಿರುಚಿ ಹಿಡಿದಳು. ಪುಟ್ಟಲಕ್ಷ್ಮಿ ಚಾಪೆ ತಟ್ಟಿದಳು.

"ಇನ್ನೊಂಚೂರು ಮೇಡಂ, ಈ ಕಡೆ ಮುಖ," ಅಂದ ಕ್ಯಾಮೆರಾದವನು.

ದಾಕ್ಷಾಯಿಣಿ ಆ ಕಡೆ ನೋಡಿ ನಕ್ಕಳು. ಕೈ ಬಿಡಲಿಲ್ಲ.

ಮೊಳಕೈ ಮುರಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಆ ಕೈ ಇನ್ನು ನೆಟ್ಟಗಾಗೋದಿಲ್ಲವಂತೆ.

ಜೂಡೋ ಸಂಘದ ಮೇಲಿನವರು ವಿಚಾರಣೆಗೆ ಬರೋ ಹಿಂದಿನ ದಿನ ದಾಕ್ಷಾಯಿಣಿ ಗರಡಿಗೆ ಓಡಿ ಬಂದಳು. ನಾನು ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಒಂದೇ ಸೀರೆಯನ್ನ ಎಷ್ಟು ಹೊತ್ತು ಒಣಗಹಾಕಿದೆನೋ!

"ಮೇಷ್ಟ್ರೇ, ಅವಳು ತಟ್ಟಲೇ ಇಲ್ಲ ಅಂತ ಹೇಳಿಬಿಡಿ. ಇಲ್ಲಾಂದ್ರೆ ನನ್ನ ಆಟ ಇಲ್ಲಿಗೇ ಮುಗೀತು."

"ತಟ್ಟಿದ್ದು ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು."

ಮೇಷ್ಟ್ರು ಚಾಪೆ ಮೇಲೆ ಅಂಗಾತ ಮಲಗಿದರು.

"ಕತ್ತು ಹಿಡಿ."

"ಬೇಡ ಮೇಷ್ಟ್ರೇ."

"ಹಿಡಿ ಅಂದೆ."

ಹಿಡಿದಳು. ಮುದುಕರ ಮುಖ ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. ಕೈ ಮಾತ್ರ ಚಾಪೆ ಮೇಲೆ ಅಲ್ಲಾಡದೆ ಬಿದ್ದಿತ್ತು. ಕೊನೆಗೆ ಅವಳೇ ಕಿರುಚಿ ಕೈ ಬಿಟ್ಟಳು.

"ಸತ್ತೇಹೋಗ್ತಿದ್ರಿ! ಯಾಕೆ ತಟ್ಟಲಿಲ್ಲ?"

ಕೆಮ್ಮು ನಿಂತ ಮೇಲೆ ಮೇಷ್ಟ್ರು ಅಂದರು, "ಯಾರನ್ನ ನಂಬಿ ತಟ್ಟಲಿ?"

ವಿಚಾರಣೆಯಲ್ಲಿ ಮೇಷ್ಟ್ರು ಇದ್ದದ್ದು ಇದ್ದ ಹಾಗೆ ಹೇಳಿದರು. ಅವಳಿಗೆ ಹಾರ ಹಾಕಿದ್ದ ದೊಡ್ಡವರೆಲ್ಲ ಹುಡುಗಿ ತಟ್ಟಲೇ ಇಲ್ಲ ಅಂದರು. ಯಾರ ಮಾತು ನಿಂತಿತು ಅಂತ ಕೇಳಬೇಕೆ!

ಈಗ ದಾಕ್ಷಾಯಿಣಿಯದೇ ಹೊಸ ತರಬೇತಿ ಶಾಲೆ. ಗರಡಿಯ ಮಕ್ಕಳೆಲ್ಲ ಅಲ್ಲಿಗೆ ಹೋದರು. ಮೇಷ್ಟ್ರು ಖಾಲಿ ಚಾಪೆ ಗುಡಿಸುತ್ತಾ ಕೂತಿದ್ದಾರೆ.

ನನ್ನ ಬಾಯಿ ಸುಮ್ಮನಿರುತ್ತಾ? ಮೊನ್ನೆ ಕಿಟಕಿ ಹತ್ತಿರ ನಿಂತು ಕೇಳಿಯೇಬಿಟ್ಟೆ.

"ನಿಜ ಹೇಳಿ ಏನು ಗುಡ್ಡೆ ಹಾಕಿದಿರಿ ಮೇಷ್ಟ್ರೇ? ಅವಳ ಹತ್ತಿರ ಜಾಗ ಸಿಗೋದೇ ಕಷ್ಟ ಈಗ. ಅವರಿವರ ಕೈಲಿ ಹೇಳಿಸಿ ನಮ್ಮ ಮೊಮ್ಮಗಳನ್ನೂ ಅಲ್ಲಿಗೇ ಸೇರಿಸಿದೀವಿ."

ಮೇಷ್ಟ್ರು ಪೊರಕೆ ಗೋಡೆಗೆ ಒರಗಿಸಿ ನನ್ನ ಮುಖವನ್ನೇ ನೋಡಿದರು.

"ಬೆಳಿಗ್ಗೆ ಮಗುವನ್ನ ಏನು ಹೇಳಿ ಕಳಿಸ್ತೀರಿ ಕೆಂಪಾಜಮ್ಮ? ನೋವಾದರೆ ತಟ್ಟು ಅಂತಲಾ?"