ಕರಿಜೀರಿಗೆ ಬಿತ್ತಿದ ಕೆಂಚ್ಯಾ

ಕೇಳ್ರಪ್ಪಾ, ಒಂದೂರಲ್ಲಿ ಕೆಂಚ್ಯಾ ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದಕ್ಕೇ ಅವನ ತಾಯಿ ಹೊಳೆವ್ವನ ಎದೆ ಸದಾ ಢವಢವ. ಈಗಂತೂ ಮಗಳು ಗೌರವ್ವ ಬಾಣಂತಿ. ಎದೆಹಾಲು ಸಾಲದು, ಕೂಸು ಒಂದೇ ಸಮ ಅಳುತ್ತದೆ. ಕರಿಜೀರಿಗೆ ತಿಂದರೆ ಹಾಲು ಇಳಿಯುತ್ತದೆ ಅಂತ ಸೂಲಗಿತ್ತಿ ಲಗಮವ್ವ ಹೇಳಿದ್ದಳು. ಹಿತ್ತಲಲ್ಲಿ ಬೆಳೆದದ್ದು ರೊಟ್ಟಿಗೆ, ಉಪ್ಪಿನಕಾಯಿಗೆ ಹೋಗಿ ಒಂದು ಬಟ್ಟಲು ಉಳಿದಿತ್ತು.

“ಕೆಂಚ್ಯಾ, ಅಕ್ಕಗ ಒಂದು ಚಮಚ ಕರಿಜೀರಗಿ ತಿನ್ನಸೋ!”

ತಿನ್ನಿಸಿದ. ಹಸಿಹಸಿಯಾಗಿ! ಗೌರವ್ವ ಕೆಮ್ಮಿ ಕೆಮ್ಮಿ ಉಗುಳಿದಳು.

“ಅಯ್ಯೋ ಖೋಡಿ! ಹಸೀ ಕಾಳು ಕೊಡತಾರೇನೋ? ಮೊದಲ ಹಂಚಿನ ಮ್ಯಾಲ ಹುರೀಬೇಕು! ಘಮ್ ಅನ್ನಬೇಕು!”

“ಹೂಂ ಅವ್ವಾ, ಇನ್ಮ್ಯಾಲ ಹುರೀತೀನಿ.”

ಮುಂದಿನ ವರ್ಷಕ್ಕೂ ಬೇಕಲ್ಲ ಅಂತ ಮರುದಿನ ಹೊಳೆವ್ವ ಅಂದಳು, “ಕರಿಜೀರಗಿ ಬಿತ್ತಿ ಬಾರೋ.”

ಸ್ವಲ್ಪ ಹೊತ್ತಿಗೆ ಹಿತ್ತಲೆಲ್ಲ ಘಮ್ಮಂತು. ಓಡಿ ಹೋಗಿ ನೋಡಿದರೆ, ಬಟ್ಟಲು ಪೂರಾ ಹುರಿದು ಬಿತ್ತಿದ್ದಾನೆ! ಕೋಳಿಗಳು ಕೆದರಿ ಕೆದರಿ ತಿನ್ನುತ್ತಿವೆ!

“ನನ್ನ ಹೊಟ್ಟಿ ಉರಿಸ್ತೀಯಲ್ಲೋ! ಬಿತ್ತಿದ ಮ್ಯಾಲ ನೀರು ಹಾಕಬೇಕು! ಕೋಳಿ ಬರದಂಗ ಮುಳ್ಳು ಹಚ್ಚಬೇಕು!”

“ಹೂಂ ಅವ್ವಾ, ನೀರು ಹಾಕ್ತೀನಿ, ಮುಳ್ಳು ಹಚ್ತೀನಿ.”

ಕೂಸಿನ ಅಳು ಕೇಳಲಾರದೆ ಹೊಳೆವ್ವ ಲಗಮವ್ವನ ಕಾಲಿಗೆ ಬಿದ್ದು ಒಂದು ಹಿಡಿ ಕರಿಜೀರಿಗೆ ತಂದಳು. ತಾನೇ ಹುರಿದಳು, ಬೆಲ್ಲ ತುಪ್ಪ ಬೆರೆಸಿ ಉಂಡೆ ಕಟ್ಟಿದಳು. ಎರಡು ದಿನ ತಾನೇ ತಿನ್ನಿಸಿದಳು. ಮೂರನೆಯ ದಿನ ಒಲೆಗೆ ಕಟ್ಟಿಗೆ ಇಲ್ಲ, ಆರಿಸಿ ತರಲು ಹೋಗಲೇಬೇಕು.

“ಈ ಉಂಡಿ ಅಕ್ಕಗ ತಿನ್ನಸು. ನಿನಗ ಕೈ ಮುಗೀತೀನಪ್ಪಾ!”

ಹೋದಳು, ಮನಸ್ಸೆಲ್ಲ ಮನೆಯಲ್ಲೇ. ಅರ್ಧ ಕಟ್ಟಿಗೆಗೇ ತಿರುಗಿ ಬಂದಳು. ಕೂಸಿನ ಅಳು ಕೇಳಿಸುತ್ತಿಲ್ಲ! ಬಾಣಂತಿ ಕೋಣೆಯ ಬಾಗಿಲಿಗೆ ಆಳೆತ್ತರ ಜಾಲಿಮುಳ್ಳು!

“ಕೆಂಚ್ಯಾ! ಉಂಡಿ ಎಲ್ಲೋ?”

“ಅಕ್ಕನ ಹೊಟ್ಟ್ಯಾಗ ಐತಿ.”

ಹೊಳೆವ್ವನಿಗೆ ಹೋದ ಜೀವ ಬಂತು. “ಮತ್ತ ಈ ಮುಳ್ಳು?”

“ಕೋಳಿ ಬರಬಾರದಲ್ಲಾ!”

ಮುಳ್ಳಿನ ಸಂದಿಯಲ್ಲಿ ಇಣುಕಿದಳು. ಬಾಣಂತಿ ನೆತ್ತಿಯಿಂದ ಪಾದದವರೆಗೂ ತೊಯ್ದು ತೊಪ್ಪೆಯಾಗಿ ಗಡಗಡ ನಡುಗುತ್ತಿದ್ದಾಳೆ! ಕೂಸನ್ನು ಒಣ ಕೌದಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಾಳೆ.

“ಅವ್ವಾ, ಹಾಲು ಇಳದಾವ, ಕೂಸು ಕುಡ್ಯಾಕತ್ತೈತಿ! ಮೊದಲ ಈ ಕೆಂಚ್ಯಾನ್ನ ಹಿಡೀ!”

ಕೆಂಚ್ಯಾ ಆಗಲೇ ಇನ್ನೊಂದು ಕೊಡ ತಣ್ಣೀರು ಹೊತ್ತು ಬರುತ್ತಿದ್ದ.

“ಅತ್ತಾಗ ಸರೀ ಅವ್ವಾ! ಅಕ್ಕನ ಹೊಟ್ಟ್ಯಾಗ ಬಿತ್ತಿದ್ದು ಇನ್ನೂ ಮೊಳತಿಲ್ಲ!”