ನೀರುನಾಯಿಯ ಕಾಲಿನ ಗಾಯ

ಮುನೀರ್ ಸಾಹೇಬರು ಅರಣ್ಯ ಇಲಾಖೆಯಲ್ಲಿ ದುಡಿದು ತಲೆ ನರೆಸಿಕೊಂಡವರು. ಅವರ ಹೆಸರು ಕೇಳಿದರೆ ಕಳ್ಳಬೇಟೆಗಾರರಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತರಾದ ಮೇಲೆ ತುಂಗಭದ್ರೆಯ ದಂಡೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು ಅಲ್ಲೇ ಉಳಿದುಬಿಟ್ಟರು.

ನೀಲಗಂಗಾ ಆ ವಲಯಕ್ಕೆ ಹೊಸ ಅರಣ್ಯಾಧಿಕಾರಿಯಾಗಿ ಬಂದವಳು. ಬಂದ ವಾರವೇ ಗುಡಿಸಲು ಹುಡುಕಿಕೊಂಡು ಹೋಗಿ ಅವರ ಕಾಲು ಮುಟ್ಟಿ ನಮಸ್ಕರಿಸಿದಳು.

"ನನಗೆ ಕೆಲಸ ಕಲಿಸಿ, ಸರ್."

"ಕೆಲಸ ನದಿ ಕಲಿಸುತ್ತದೆ. ನಾನು ಚಹಾ ಮಾಡಿಕೊಡಬಲ್ಲೆ, ಅಷ್ಟೇ."

ಹಾಗೆ ಅವಳು ಶಿಷ್ಯೆಯಾದಳು.

ಒಂದು ಬೆಳಿಗ್ಗೆ ಅವಳ ಮುಖ ಅರಳಿತ್ತು. ಕೈಯಲ್ಲಿ ಪತ್ರಿಕೆ ಇತ್ತು, ಪತ್ರಿಕೆಯಲ್ಲಿ ಅವಳ ಫೋಟೋ.

"ನೀರುನಾಯಿ ಕೊಂದವನನ್ನು ಹಿಡಿದೆ, ಸರ್! ಮೀನುಗಾರ ಹುಲುಗಪ್ಪ. ಚರ್ಮ ಸುಲಿದ ಹೆಣ ಅವನ ಬಲೆಯ ಪಕ್ಕದಲ್ಲೇ ಬಿದ್ದಿತ್ತು. 'ಈ ನೀರುನಾಯಿಗಳು ನನ್ನ ಬಲೆ ಹರಿಯುತ್ತವೆ, ಒಂದು ದಿನ ಕೊಂದೇ ಕೊಲ್ಲುತ್ತೇನೆ' ಅಂತ ಊರೆಲ್ಲ ಕೂಗಾಡಿದ್ದನಂತೆ."

"ಚರ್ಮ ಸಿಕ್ಕಿತೇ?"

"ಇಲ್ಲ. ಮಾರಿರಬೇಕು."

"ಸತ್ತವು ಎಷ್ಟು?"

"ಒಂದೇ, ಸರ್."

"ಸರಿಯಾಗಿ ಎಣಿಸು, ಮಗಳೇ."

ಅವಳಿಗೆ ಅರ್ಥವಾಗಲಿಲ್ಲ.

ಸಾಹೇಬರು ಒಳಗೆ ಹೋಗಿ ಹಳೆಯ ಬಲೆಯ ತುಂಡೊಂದನ್ನು ತಂದರು. ಅವಳ ಮಣಿಕಟ್ಟಿಗೆ ಸುತ್ತಿ ಬಿಗಿಯಾಗಿ ಹಿಡಿದರು.

"ಬಿಡಿಸಿಕೋ."

ಅವಳು ಎಳೆದಳು. ಜಗ್ಗಿದಳು. ನೂಲು ಚರ್ಮಕ್ಕೆ ಇಳಿಯಿತು. ಸಾಹೇಬರು ಬಲೆ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಕೆಂಪು ಗೆರೆಗಳು ಎದ್ದಿದ್ದವು.

"ಆ ಪ್ರಾಣಿಯ ಕಾಲಿನ ಮೇಲೂ ಇಂಥ ಗೆರೆಗಳಿದ್ದವೇ?"

ನೀಲಗಂಗಾ ತನ್ನ ಮಣಿಕಟ್ಟನ್ನೇ ನೋಡಿದಳು. ಹೆಣವನ್ನು ಅವಳೇ ಮಗುಚಿ ನೋಡಿದ್ದಳು. ಸುಲಿಯದೆ ಬಿಟ್ಟಿದ್ದ ಮುಂಗಾಲು ಮೂಳೆಯವರೆಗೂ ಸೀಳಿತ್ತು.

"ಇಲ್ಲ, ಸರ್. ಹಲ್ಲಿನ ಗುರುತಿತ್ತು."

"ಯಾರ ಹಲ್ಲು?"

"ಕಬ್ಬಿಣದ್ದು." ಅವಳ ದನಿ ಇಳಿಯಿತು. "ಕಾಲು ಕಚ್ಚಿ ಹಿಡಿಯುವ ಬೋನಿನದು. ಹುಲುಗಪ್ಪನ ಮನೆಯಲ್ಲಿ ಅಂಥದ್ದು ಯಾವುದೂ ಸಿಗಲಿಲ್ಲ. ಬರೀ ಬಲೆಗಳಿದ್ದವು."

"ಈಗ ಎಣಿಸು."

"ಎರಡು," ಎಂದಳು ಅವಳು. "ಇನ್ನೊಂದು ಹುಲುಗಪ್ಪ. ಜೈಲಿನಲ್ಲಿ ಇನ್ನೂ ಉಸಿರಾಡುತ್ತಿದ್ದಾನೆ."

ಸಾಹೇಬರು ಒಲೆಯ ಮೇಲೆ ಚಹಾ ಇಟ್ಟರು.

"ನಾನೀಗ ತಪ್ಪಾಯಿತು ಅಂದರೆ ಜನ ನಗುತ್ತಾರೆ. ಮೇಲಧಿಕಾರಿಗಳು ಸುಮ್ಮನಿರುವುದಿಲ್ಲ. ಇನ್ನು ಯಾವ ಕಳ್ಳ ನನಗೆ ಹೆದರುತ್ತಾನೆ, ಸರ್?"

"ಸಕ್ಕರೆ ಎಷ್ಟು ಹಾಕಲಿ?" ಎಂದರು ಸಾಹೇಬರು.

ಅವಳು ಚಹಾ ಕುಡಿಯದೆ ಎದ್ದು ಹೋದಳು. ನೇರವಾಗಿ ಕೋರ್ಟಿಗೇ ಹೋದಳು.

ತುಂಬಿದ ಕೋರ್ಟಿನಲ್ಲಿ ನಿಂತು, "ಸ್ವಾಮಿ, ಇವನನ್ನು ಹಿಡಿದದ್ದು ನಾನು. ತಪ್ಪು ಮಾಡಿದೆ. ಇವನು ಕೊಂದಿಲ್ಲ, ಬಿಟ್ಟುಬಿಡಿ," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಂಜೆ ಮೇಲಧಿಕಾರಿ ಅವಳನ್ನು ನಿಲ್ಲಿಸಿಕೊಂಡು, ಇಲಾಖೆಯ ಮಾನ ಹರಾಜು ಹಾಕಿದೆ ಎಂದು ಬೈದರು. ಹುಲುಗಪ್ಪ ಬಿಡುಗಡೆಯಾಗಿ ಹೊರಬಂದವನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಅವಳಿಗೆ ಖಾಕಿ ಬಟ್ಟೆ ಕಲ್ಲಿನಷ್ಟು ಭಾರವಾಯಿತು.

ಮರುದಿನವೂ ಅದನ್ನೇ ತೊಟ್ಟು ದಂಡೆಗೆ ಹೋದಳು. ಅದರ ಮರುದಿನವೂ ಹೋದಳು. ಒದ್ದೆ ಮರಳಿನ ಮೇಲೆ ಹೆಜ್ಜೆ ಓದುವುದನ್ನು ಕಲಿತಳು. ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮೀನಿನ ಪೊರೆ ಹೊಳೆದರೆ ನೀರುನಾಯಿಗಳು ಹತ್ತಿರದಲ್ಲೇ ಇವೆ ಎಂದು ತಿಳಿದಳು. ಬೋನು ಇಟ್ಟವರು ಮಾತ್ರ ಕೈಗೆ ಸಿಗಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕಚೇರಿಯ ಬಾಗಿಲಿಗೆ ಬಂದಳು. ಹುಲುಗಪ್ಪನ ಹೆಂಡತಿ ದುರುಗವ್ವ.

"ಮೇಲಿನ ಬಂಡೆಗಳ ಸಂದಿಯಾಗ ಹೊರಗಿನವರು ಕಬ್ಬಿಣ ಇಡ್ತಾರ್ರೀ, ಮೇಡಂ. ನಮ್ಮೋರೆಲ್ಲ ನೋಡ್ಯಾರ."

"ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ಹೇಳಿದೋರನ್ನೇ ಒಳಗ ಹಾಕ್ತೀರಿ ಅಂತ ಅಂಜಿಕೆ ಇತ್ರೀ."

"ಈಗ ಕೋರ್ಟಿಗೆ ಬಂದು ಹೇಳುತ್ತೀರಾ?"

"ನೀವು ಅಷ್ಟು ಮಂದಿ ಮುಂದ ನಿಂತು ತಪ್ಪಾತು ಅಂದ್ರಿ. ನಾವು ಕಂಡದ್ದು ಹೇಳಾಕ ಏನ್ರೀ ಕಷ್ಟ?"

ನೀಲಗಂಗಾ ಕುರ್ಚಿಯಿಂದ ಎದ್ದು ನಿಂತಳು. ಕಣ್ಣು ತುಂಬಿ ಬಂದದ್ದನ್ನು ದುರುಗವ್ವನಿಂದ ಮರೆಮಾಡಲಿಲ್ಲ.

ಮುಂದೆ ನಡೆದದ್ದನ್ನು ಆ ದಂಡೆಯ ಜನ ಇವತ್ತಿಗೂ ಹೇಳುತ್ತಾರೆ.

ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಬೇಟೆಗಾರರ ದೋಣಿ ಬಂಡೆಗಳ ಸಂದಿಯಿಂದ ಹೊರಗೆ ಬಂತು. ಎದುರಿಗೆ ಒಂದು ಹರಿಗೋಲು ಅಡ್ಡ ನಿಂತಿತ್ತು. ಅದರಲ್ಲಿ ನೀಲಗಂಗಾ ಇದ್ದಳು, ಹುಟ್ಟು ಹುಲುಗಪ್ಪನ ಕೈಯಲ್ಲಿತ್ತು.

ಬೇಟೆಗಾರರು ನಕ್ಕು ದೋಣಿ ತಿರುಗಿಸಿದರು. ಆ ಕಡೆಯೂ ಒಂದು ಹರಿಗೋಲು. ಮತ್ತೆ ತಿರುಗಿಸಿದರು. ಬಂಡೆ ಬಂಡೆಯ ಹಿಂದಿನಿಂದ ಹರಿಗೋಲುಗಳು ತೇಲಿ ಬರತೊಡಗಿದವು. ಅರಣ್ಯ ಸಿಬ್ಬಂದಿ, ಮೀನುಗಾರರು, ಅವರ ಹೆಂಗಸರು, ಎಲ್ಲರೂ ಇದ್ದರು. ಯಾರೂ ಕಿರುಚಲಿಲ್ಲ. ಸುತ್ತುಗಟ್ಟಿ ಸುಮ್ಮನೆ ನಿಂತರು.

ಕೊನೆಗೆ ಬೇಟೆಗಾರರೇ ಕೈ ಎತ್ತಿದರು. ಅವರ ಗೋಣಿಚೀಲದಲ್ಲಿ ಉಪ್ಪು ಸವರಿದ ಚರ್ಮಗಳಿದ್ದವು. ಚರ್ಮಗಳ ಅಡಿಯಲ್ಲಿ ಹಲ್ಲು ಕಿಸಿದ ಬೋನುಗಳಿದ್ದವು.

ನದಿಯ ನಡುವೆ ಯಾರೋ ಮೊದಲು ಹುಟ್ಟಿನಿಂದ ಹರಿಗೋಲಿನ ಅಂಚು ಬಡಿದರು. ಆಮೇಲೆ ಎಲ್ಲರೂ ಬಡಿದರು. ಆ ಸದ್ದಿಗೆ ದಂಡೆಯ ಕೊಕ್ಕರೆಗಳೆಲ್ಲ ಒಮ್ಮೆಲೇ ಮೇಲೆದ್ದವು.

ವಿಚಾರಣೆ ಬಹಳ ಕಾಲ ನಡೆಯಿತು. ಬೇಟೆಗಾರರ ವಕೀಲರು ಮೀನುಗಾರರನ್ನು ಹೆದರಿಸಿ ನೋಡಿದರು, ಪುಸಲಾಯಿಸಿ ನೋಡಿದರು. ಒಬ್ಬರೂ ಮಾತು ಬದಲಿಸಲಿಲ್ಲ. ನಗುವ ಸದ್ದು ಈ ಸಲ ಹಿಂದಿನ ಸಾಲಿನಿಂದ ಬರಲಿಲ್ಲ. ಬೇಟೆಗಾರರಿಗೂ ಅವರನ್ನು ಕಳಿಸಿದ ಚರ್ಮದ ವ್ಯಾಪಾರಿಗೂ ಜೈಲಾಯಿತು.

ತೀರ್ಪು ಬಂದ ಸಂಜೆ ನೀಲಗಂಗಾ ದಂಡೆಗೆ ಓಡೋಡಿ ಬಂದಳು. ಸಾಹೇಬರು ಬಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು.

"ಸರ್!" ದೂರದಿಂದಲೇ ಕೂಗಿದಳು. "ಗೆದ್ದೆವು, ಸರ್! ಎಲ್ಲರಿಗೂ ಶಿಕ್ಷೆಯಾಯಿತು! ನಾವು ಗೆದ್ದೆವು!"

ಸಾಹೇಬರು ಅವಳತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವರ ಕಣ್ಣುಗಳು ನಗುತ್ತಿದ್ದವು.

"ಮೆಲ್ಲಗೆ, ಮಗಳೇ. ಗೆದ್ದವರು ಅಲ್ಲಿ ಮರಿಗಳಿಗೆ ಮೀನು ತಿನ್ನಿಸುತ್ತಿದ್ದಾರೆ."