ಮೂರನೆಯ ತಂತಿ

ಮೈಕ್ರೋ… ಏನದು ಕೂಸೇ, ಹಾಂ, ಮೈಕ್ರೋಮೀಟರು! ಹಿತ್ತಲಿನ ಲೇತಿನಲ್ಲಿ ತಾನೇ ಕಡೆದ ಸ್ಕ್ರೂವನ್ನು ಅದರಿಂದ ಅಳೆಯಲು ಗಿರಿಜವ್ವ ಕುಳಿತಿದ್ದಳು. ಗಿರಣಿ ಮಾಲೀಕ ಗುರುಪಾದಪ್ಪ ಎದುರಿಗೇ ನಿಂತು ಒದರುತ್ತಿದ್ದ.

"ಕೂದಲೆಳೆಯಷ್ಟು ತಪ್ಪಿದರೂ ಗಿರಣಿ ಕೆಲಸ ನಿನಗಿಲ್ಲ, ತಿಳೀತೇನು?"

ಸ್ಕ್ರೂವಿನ ಮೈಸುತ್ತ ಕೊರೆದ ಗೆರೆ, ಅದೇ ಥ್ರೆಡ್ಡು, ಅದರ ಸಂದಿಗೆ ಕೆಳಗೆರಡು, ಮೇಲೊಂದು ತಂತಿ ಇಟ್ಟು ಅಳೆಯಬೇಕು. ಅವನ ಗದ್ದಲಕ್ಕೆ ಅವಳ ಗಮನ ತಪ್ಪಿ ತಂತಿಗಳು ಉದುರುತ್ತಿದ್ದವು.

"ಸಾವಕಾರ್ರ, ನೀವ ಹಿಡೀರಿ. ಎರಡು ಕೈಯಾಗ ಎರಡು."

"ಮೂರನೇದು?"

"ಹಲ್ಲಾಗ."

ಗುರುಪಾದಪ್ಪ ಬಾಗಿ ತಂತಿ ಕಚ್ಚಿದ. ಹಿತ್ತಲು ತಣ್ಣಗಾಯಿತು. ಅವನ ಮೂಗಿನ ತುದಿಯಲ್ಲೇ ಥ್ರೆಡ್ಡು ಬೆಳ್ಳಿಯ ಸುತ್ತುಮೆಟ್ಟಿಲಿನಂತೆ ಎಲ್ಲಿಗೋ ಹೊರಟಿತ್ತು. ಅವನ ಕಣ್ಣು ಮೆಲ್ಲಗೆ ಅದನ್ನು ಹತ್ತತೊಡಗಿತು.

"ಅಳತಿ ಸರಿ ಐತ್ರಿ. ಬಿಡ್ರಿನ್ನ."

ಅವನು ಎಚ್ಚರಾದವನಂತೆ ತಂತಿ ತೆಗೆದು, ಪಿಸುಗುಟ್ಟಿದ: "ಇನ್ನೊಮ್ಮೆ ಅಳತಿ ಮಾಡವ್ವಾ."

ಬರಕೋ ಕೂಸೇ: ಮೂರನೆಯ ತಂತಿ ಯಾವಾಗಲೂ ಒದರುವವರ ಹಲ್ಲಿಗೆ.